ಚೌಕಗಳ ಉತ್ತರ

“ಸಂಜೆಯೊಳಗೆ ಈ ಚೌಕಗಳು ಹೋಗ್ಬೇಕು. ಇಲ್ಲಾಂದ್ರೆ ನೀವು ಹೋಗ್ತೀರಿ.”

ಮ್ಯಾನೇಜರ್ ಫೋನನ್ನು ಎಂಜಿನಿಯರಿನ ಮೇಜಿನ ಮೇಲೆ ಕುಕ್ಕಿ ನಡೆದರು. ಅವಳ ಗಂಡನಿಗೆ ಕೆಲಸವಿಲ್ಲ, ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಕಂಪನಿಯ ಹೊಸ ತಂತ್ರಾಂಶಕ್ಕೆ ಇಂಗ್ಲಿಷ್ ಮೆಸೇಜ್ ನೀರು ಕುಡಿದಷ್ಟು ಸುಲಭ. ಮನೆಮಾತಿನಲ್ಲಿ ಬಂದರೆ ಮಾತ್ರ ಅಕ್ಷರಗಳ ಬದಲು ಖಾಲಿ ಚೌಕಗಳ ಸಾಲು. ಪರೀಕ್ಷೆಗೆ ಹೊಸ ಫೋನು ಕೊಡಿಸಲು ಮ್ಯಾನೇಜರಿಗೆ ಕೈ ಬರಲಿಲ್ಲ. ತಮ್ಮ ಹಳೆಯ ಫೋನನ್ನೇ ನಂಬರಿನ ಸಮೇತ ಕೊಟ್ಟಿದ್ದರು.

“ಅದ್ರಲ್ಲಿದ್ದ ಹೆಸರುಗಳನ್ನೆಲ್ಲ ಅಳಿಸಿದ್ದೀನಿ. ಪರೀಕ್ಷೆ ಯಂತ್ರದ ನಂಬರ್ ಮಾತ್ರ ಇದೆ. ಕಳಿಸಿದ್ದನ್ನ ಅದು ಹಾಗೇ ವಾಪಸ್ ಕಳಿಸುತ್ತೆ,” ಎಂದಿದ್ದರು.

ಹೊಸ ತಂತ್ರಾಂಶ ಹಾಕಿದೊಡನೆ ಹೆಸರೂ ಚೌಕಗಳ ಸಾಲಾಯಿತು. ಅದೂ ಎರಡು ಸಾಲು. ಒಂದೇ ಹೆಸರನ್ನು ಎರಡು ಮಾಡಿದೆ ಈ ದರಿದ್ರ ಫೋನು ಎಂದುಕೊಂಡು, ಮೇಲಿನದನ್ನೇ ಆರಿಸಿದ್ದಳು.

ಕಳಿಸುವುದಕ್ಕೆ ಒತ್ತಕ್ಷರ ತುಂಬಿದ ವಾಕ್ಯ ಬೇಕಿತ್ತು. ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಜಗಳವಾಡಿ ಗಂಡನಿಗೆ ಕಳಿಸಿದ್ದನ್ನೇ ಹಾಕಿದಳು: “ತಪ್ಪಾಯ್ತು. ಊಟ ಆಯ್ತಾ? ಸಿಟ್ಟು ಬಿಟ್ಟುಬಿಡು.” ಗಂಡ ಒಂದೇ ಸಲಕ್ಕೆ ಒಲಿದ. ಫೋನು ದಿನಾ ಕಳಿಸಿದರೂ ಒಲಿಯಲಿಲ್ಲ.

ಯಂತ್ರದ ಚೇಷ್ಟೆಗಳೂ ಒಂದೆರಡಲ್ಲ. ಕಳಿಸಿದ್ದಕ್ಕಿಂತ ಉದ್ದದ ಸಾಲು ಹಿಂದಿರುಗುತ್ತಿತ್ತು. ಮಧ್ಯಾಹ್ನ ಊಟದ ಹೊತ್ತು ಕಳೆದರೆ ಸಂಜೆಯವರೆಗೆ ಉತ್ತರವೇ ಇಲ್ಲ. “ಯಂತ್ರ ನಿದ್ದೆ ಮಾಡುತ್ತದೆ” ಎಂದು ವರದಿಯಲ್ಲಿ ಬರೆದು, ಬೈಸಿಕೊಂಡು, ಅಳಿಸಿದ್ದಳು.

ಇತ್ತ ಮ್ಯಾನೇಜರಿಗೆ ಎಂದೂ ಇಲ್ಲದ ಊಟದ ಡಬ್ಬಿ ಬರತೊಡಗಿತ್ತು. ಹಿಂದಿನ ವರ್ಷ ತಾಯಿಯೊಂದಿಗೆ ಜಗಳವಾಡಿ ಮಾತು ಬಿಟ್ಟವರು ಅವರು. ಈಗ ಮುಚ್ಚಳ ತೆಗೆದು, ಕಚೇರಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದರು:

“ನಾನು ಒಂದು ಮಾತೂ ಆಡ್ಲಿಲ್ಲ. ಕೊನೆಗೆ ನಮ್ಮಮ್ಮಾನೇ ಸೋತ್ಲು ನೋಡಿ.”

ಗಡುವಿನ ಸಂಜೆ ಅವಳಿಗೆ ಗುಟ್ಟು ಸಿಕ್ಕಿತು. ಮನೆಮಾತಿನ ಪ್ರತಿ ಅಕ್ಷರವೂ ಎರಡು ಸಂಖ್ಯೆಗಳ ಜೋಡಿಯಾಗಿ ಬರುತ್ತದೆ. ಫೋನು ಕಳಿಸುವಾಗ ಸರಿಯಾಗಿಯೇ ಕಳಿಸಿ, ಓದುವಾಗ ಮಾತ್ರ ಹಿಂದಿನದನ್ನು ಮುಂದಿಟ್ಟು, ಎಲ್ಲೂ ಇಲ್ಲದ ಅಕ್ಷರ ಹುಡುಕಿ, ಸೋತು ಚೌಕ ಹಾಕುತ್ತಿತ್ತು. ಇಷ್ಟೇನಾ ಎಂದು ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಜೋಡಿಯನ್ನು ತಿರುಗಿಸಿ ಕೂರಿಸಿ, ಎಲ್ಲರನ್ನೂ ಕರೆದು, ತನ್ನ ಎಂದಿನ ವಾಕ್ಯ ಕಳಿಸಿದಳು.

ಮ್ಯಾನೇಜರ್ ಬೆನ್ನ ಹಿಂದೆ ಕೈಕಟ್ಟಿ ನಿಂತರು. ಕಚೇರಿಯೇ ಸುತ್ತ ನೆರೆಯಿತು. ಫೋನು ಗುಂಯ್ ಎಂದಿತು. ಒಂದೂ ಚೌಕವಿಲ್ಲ, ಎಲ್ಲ ಮುತ್ತಿನಂಥ ಅಕ್ಷರ. ಆದರೆ ಅವಳು ಕಳಿಸಿದ ವಾಕ್ಯ ಅದಾಗಿರಲಿಲ್ಲ. ತನ್ನ ಕೆಲಸ ಹೋಯಿತೆಂದೇ ಅವಳು ಕಣ್ಣು ಮುಚ್ಚಿದಳು.

ತಿರುಗಿ ನೋಡಿದರೆ ಮ್ಯಾನೇಜರ್ ಮುಖ ಕೆಂಪಾಗಿ, ಕಣ್ಣು ತೇವವಾಗಿ, ಪರದೆಯನ್ನೇ ದಿಟ್ಟಿಸುತ್ತಿದ್ದರು. ಎಲ್ಲ ಹೆಸರು ಅಳಿಸುವಾಗ ಅವರಿಗೆ ಅಳಿಸಲು ಮನಸ್ಸಾಗದ ಒಂದು ಹೆಸರು ಮೇಲುಗಡೆಯೇ ಇತ್ತು: ಅಮ್ಮ.

ಅದರ ಕೆಳಗೆ: “ದಿನಾ ಎಷ್ಟು ಸಲ ತಪ್ಪಾಯ್ತು ಅಂತೀಯೋ, ನನ್ನ ಸಿಟ್ಟು ಮೊದಲನೇ ದಿನವೇ ಹೋಯ್ತು. ಸೋತಿದ್ದು ನೀನು ಅಂತ ನಾನು ಯಾರಿಗೂ ಹೇಳಲ್ಲ. ನೀನು ಆ ಡಬ್ಬಿ ಮಾತ್ರ ತೊಳೆದು ಕಳಿಸು.”