ಹೊಳೆಯಾಚೆಯ ಗುಡಿಸಲು

ಮಹಾಯುದ್ಧ ಮುಗಿದು, ಆಫ್ರಿಕಾದ ಆ ಹಳ್ಳಿ ಜರ್ಮನ್ ದೊರೆಯ ಕೈಯಿಂದ ಇಂಗ್ಲಿಷ್ ದೊರೆಯ ಕೈಗೆ ಬಂದಿತ್ತು. ಊರವರನ್ನು ಯಾರೂ ಕೇಳಿರಲಿಲ್ಲ. ದನ ಮಾರುವಾಗ ದನವನ್ನು ಕೇಳುವ ಪದ್ಧತಿ ಎಲ್ಲೂ ಇಲ್ಲವಲ್ಲ ಎಂದುಕೊಂಡು ಊರಿನ ಮುದಿ ನಾಯಕ ಸುಮ್ಮನಿದ್ದ.

ಹೊಸ ದೊರೆ ಎದೆತುಂಬ ಪದಕ ನೇತುಹಾಕಿಕೊಂಡು ಊರ ಹೊರಗಿನ ಹೊಳೆಯವರೆಗೆ ಬಂದ. ನಾಯಕ ತನ್ನವರೊಡನೆ ಹೊಳೆ ದಾಟಿ ಬಂದು ಎದುರುಗೊಂಡ.

“ನಾಳೆಯಿಂದ ನಿಮ್ಮ ಗಂಡಸರೆಲ್ಲ ರಸ್ತೆ ಕೆಲಸಕ್ಕೆ ಬರಬೇಕು. ನಾನು ಊರೊಳಗೇ ಇದ್ದು ನೋಡ್ಕೋತೀನಿ,” ಎಂದ ದೊರೆ.

“ಆಗಲಿ ದೊರೆ. ಅದಿರಲಿ, ಎದೆ ಮೇಲೆ ಮಿಣಮಿಣ ಅನ್ನೋದು ಏನು?”

ದೊರೆ ಉಬ್ಬಿದ. “ಯುದ್ಧದಲ್ಲಿ ಶತ್ರುಗಳನ್ನ ಕೊಂದಿದ್ದಕ್ಕೆ ಕೊಟ್ಟಿದ್ದು.”

“ಎಷ್ಟು ಜನಾನ ಕೊಂದಿರಿ?”

“ನಾನೊಬ್ಬನೇ ಅರವತ್ತಕ್ಕೆ ಕಮ್ಮಿ ಇಲ್ಲ.”

ನಾಯಕ ತಲೆದೂಗಿ, ತಾವು ನಿಂತಿದ್ದ ದಂಡೆಯ ಮೇಲೇ ಇದ್ದ ಒಂಟಿ ಗುಡಿಸಲನ್ನು ತೋರಿಸಿದ. “ಅಲ್ಲಿರೋನು ನನ್ನ ಮಗ. ನಿಮ್ಮ ಯುದ್ಧಕ್ಕೇ ಹೋಗಿ ಒಬ್ಬನ್ನ ಕೊಂದು ಬಂದ. ಕೊಂದವನು ಒಂದು ಹೆಣಕ್ಕೆ ಒಂದು ಮಳೆಗಾಲ ಹೊಳೆಯಾಚೆ ಇದ್ದು, ಮೈಲಿಗೆ ಕಳ್ಕೊಂಡೇ ಊರೊಳಗೆ ಬರಬೇಕು. ಹೆತ್ತ ಮಗ ಅಂತ ನಾನೂ ಬಿಟ್ಟಿಲ್ಲ.”

ನೀರಿಗೆ ಒಂದು ಕಾಲಿಟ್ಟಿದ್ದ ದೊರೆ ಹಾಗೇ ನಿಂತ. “ನಾನು ಯಾರು ಗೊತ್ತಾ?”

“ಈಗ ತಾನೇ ಹೇಳಿದ್ರಲ್ಲ,” ಎಂದ ನಾಯಕ, ತನ್ನವರತ್ತ ತಿರುಗಿದ. “ನನ್ನ ಮಗನ ಪಕ್ಕದಲ್ಲೇ ದೊರೆಗಳಿಗೂ ಒಂದು ಗುಡಿಸಲು ಹಾಕ್ರಪ್ಪ. ಹುಲ್ಲು ಮಾತ್ರ ದಪ್ಪಗೆ ಹೊದಿಸಿ, ಅರವತ್ತು ಮಳೆಗಾಲ ತಡೀಬೇಕು.”