ಮೇಜಿನ ಗಾಯ

ಪ್ರಯೋಗಾಲಯದಲ್ಲಿ ನೀಲಾಂಬಿಕೆಯ ಕೈಜಾರಿ ಪುಟ್ಟ ಸೀಸೆಯೊಂದು ಮೇಜಿನ ಮೇಲೆ ಉರುಳಿದ್ದೇ ತಡ, ಹೊರಗೆ ಚಪ್ಪಲಿಗಳ ಸದ್ದು ಕೇಳತೊಡಗಿತು. ಯಾರಿಗಾದರೂ ಗಾಯವಾದರೆ ಆ ಗಾಯವೇ ಸುತ್ತಲಿನವರನ್ನು ಕರೆಯುವುದು, ಅವರ ಕಾಲುಗಳು ತಾವಾಗಿ ಅತ್ತ ಹೊರಡುವುದು ಧಾರವಾಡದಲ್ಲಿ ಈಗ ಯಾರಿಗೂ ಹೊಸದಲ್ಲ. ಗಾಯದಿಂದ ಒಸರಿ ಹಾಗೆ ಕರೆಯುವ ಪ್ರೋಟೀನನ್ನೇ ಬ್ಯಾಕ್ಟೀರಿಯಾಗಳಿಂದ ಮಾಡಿಸಿ, ಸಂಶೋಧನೆಗೆಂದು ನೂರು ಗಾಯಗಳಷ್ಟನ್ನು ಒಂದೊಂದು ಸೀಸೆಗೆ ತುಂಬುವುದು ಅವಳ ಕೆಲಸ.

ಕಾವಲುಗಾರ ಇಮಾಮಸಾಬ ಅರಿಶಿನದ ಡಬ್ಬಿ ಹಿಡಿದು ಓಡಿ ಬಂದ. ಅವನ ಹಿಂದೆಯೇ ಅಂಚೆಯವನು, ಬಸ್ಸಿಗೆ ಕಾಯುತ್ತಿದ್ದ ಹೆಂಗಸರು.

“ಯಾರಿಗೆ ಪೆಟ್ಟಾತ್ರಿ ಬಾಯಾರ?”

“ಯಾರಿಗೂ ಇಲ್ಲ ಇಮಾಮಣ್ಣಾ, ಸೀಸೆದಾಗಿಂದು ಚೆಲ್ಲೇತಿ ಅಷ್ಟ. ಎಲ್ಲಾರೂ ಹೋಗ್ರಿ.”

“ಹೋಗೂದು ಖರೆರಿ, ಆದ್ರ ಕಾಲ ಏಳವಲ್ಲವಲ್ರಿ!”

ಒಬ್ಬ ಮುದುಕಿ ಅವನ ಡಬ್ಬಿ ಕಸಿದು, ಒದ್ದೆಯಾದ ಮೇಜಿಗೆ ಅರಿಶಿನ ಮೆತ್ತಿ, ಸೆರಗಿನಿಂದ ಗಾಳಿ ಹಾಕತೊಡಗಿದಳು.

ಕೊನೆಗೆ ಬಂದವಳು ಕ್ಯಾಂಟೀನಿನ ಶಿವಲಿಂಗವ್ವ. ಈಳಿಗೆಗೆ ಅಂಗೈ ಸೀಳಿ ರಕ್ತ ಮೊಣಕೈವರೆಗೆ ಇಳಿದಿತ್ತು. ಅವಳ ಕಡೆ ಒಬ್ಬರೂ ತಿರುಗಲಿಲ್ಲ. ಅವಳೂ ತನ್ನ ಕೈ ನೋಡಿಕೊಳ್ಳದೆ, ಮಂದಿಯನ್ನು ಸರಿಸುತ್ತ ಮೇಜಿನತ್ತ ನುಗ್ಗಿದಳು.

“ಸರೀರಿ, ಸರೀರಿ! ಪಾಪ, ಯಾರಿಗೇನಾತು?”

ಅವಳ ಕೈಗೆ ಕಟ್ಟಲೆಂದು ನೀಲಾಂಬಿಕೆ ತನ್ನ ದುಪಟ್ಟಾವನ್ನೇ ಹರಿದು, ಅವಸರದಲ್ಲಿ ಸುತ್ತಿ ಸುತ್ತಿ ಗಂಟು ಬಿಗಿದಳು. ಬಿಗಿದ ಮೇಲೆ ನೋಡಿದರೆ, ಕಟ್ಟಿದ್ದು ಮೇಜಿನ ಕಾಲಿಗೆ.