ಬೆಂಚಿನ ಮೇಲಿನ ಫಾರ್ವರ್ಡ್

"ನನ್ನ ಮೊದಲನೇ ಫಾರ್ವರ್ಡ್, ಬ್ರೋಡಿ ಹ್ಯಾಸ್ಕೆಲ್."

ಟ್ಯಾಮ್ಸಿನ್ ಹೀಗೆಂದ ಕೂಡಲೇ ಅಡುಗೆಮನೆಯಲ್ಲಿ ಸೇರಿದ್ದವರೆಲ್ಲ ಅವಳತ್ತ ತಿರುಗಿದರು. ಸೋದರಮಾವ ಡೆಸ್ ಬಾಯಿಗೆ ಹಿಡಿದಿದ್ದ ಪೈಯನ್ನು ಹಾಗೇ ತಟ್ಟೆಗಿಳಿಸಿದ. ಟೀ ಬಗ್ಗಿಸುತ್ತಿದ್ದ ತಾಯಿ ಲೊರೇನ್ ಕಪ್ಪು ತುಂಬಿ ಹರಿದದ್ದನ್ನೂ ನೋಡಲಿಲ್ಲ. ಬ್ರೋಡಿ ಇದೇ ಊರಿನ ಹುಡುಗ. ಟ್ಯಾಮ್ಸಿನ್ ಬೆರಳಿಗೆ ಉಂಗುರ ತೊಡಿಸಿ ಹೋದವನು, ಮೆಲ್ಬರ್ನಿನ ದೊಡ್ಡ ತಂಡ ಸೇರಿದ ಮೇಲೆ, ಎಲ್ಲ ಮುಗಿಯಿತೆಂದು ಫೋನಿನಲ್ಲಿ ಒಂದು ಸಾಲು ಕಳಿಸಿ ಕೈತೊಳೆದುಕೊಂಡಿದ್ದ. ಅಷ್ಟರಲ್ಲಿ ಮದುವೆಯ ಕೇಕಿಗೆ ಹೇಳಿಯಾಗಿತ್ತು.

"ನಿನಗೇನು ತಲೆ ಕೆಟ್ಟಿದ್ಯೇನೇ?" ಎಂದಳು ಲೊರೇನ್. "ಆ ಕಳ್ಳನ ಮುಖ ಟೀವೀಲಿ ಬಂದ್ರೆ ನಾನು ಚಾನೆಲ್ ಬದಲಾಯಿಸ್ತೀನಿ. ನೀನು ಮನೆಗೇ ಕರ್ಕೊಂಡು ಬರ್ತೀಯಲ್ಲ!"

"ಗೋಲು ಹೊಡೆಯೋದ್ರಲ್ಲಿ ಅವನಿಗೆ ಸಮ ಯಾರಿದಾರಮ್ಮ? ನನಗೆ ಬೇಕು, ಅಷ್ಟೇ."

"ನಾನು ತಗೊಳ್ಳೋಣ ಅಂತಿದ್ದೆ," ಎಂದು ಡೆಸ್ ಗೊಣಗಿದ. ಫುಟ್ಬಾಲ್ ಋತು ಶುರುವಾಗುವ ಮುಂಚೆ ಊರಿನವರು ಹೀಗೆ ಸೇರಿ, ನಿಜವಾದ ಆಟಗಾರರನ್ನು ಆರಿಸಿ ಫೋನಿನಲ್ಲಿ ತಮ್ಮ ತಮ್ಮ ತಂಡ ಕಟ್ಟುತ್ತಿದ್ದರು. ವಾರದ ಕೊನೆಗೆ ಆ ಆಟಗಾರರು ಮೈದಾನದಲ್ಲಿ ಎಷ್ಟು ಚೆನ್ನಾಗಿ ಆಡಿದರೋ ಅಷ್ಟು ಅಂಕ ಇವರಿಗೆ. ಒಬ್ಬರು ಆರಿಸಿದವನು ಇನ್ನೊಬ್ಬರಿಗೆ ಸಿಗುವಂತಿಲ್ಲ. ಬೆಂಚಿನ ಮೇಲೆ ಕೂರಿಸಿದವನ ಅಂಕ ಯಾರಿಗೂ ಸೇರುವುದಿಲ್ಲ.

ಮೊದಲ ವಾರವೇ ಟ್ಯಾಮ್ಸಿನ್ ಬ್ರೋಡಿಯನ್ನು ಬೆಂಚಿಗೆ ಕೂರಿಸಿ, ಅವನ ಜಾಗಕ್ಕೆ ಮಂಡಿನೋವಿನ ಮುದಿ ಆಟಗಾರನೊಬ್ಬನನ್ನು ಇಳಿಸಿದಳು. ಮೆಲ್ಬರ್ನಿನಲ್ಲಿ ಬ್ರೋಡಿ ಗೋಲಿನ ಮೇಲೆ ಗೋಲು ಹೊಡೆದ. ಮುಂದಿನ ವಾರವೂ ಹೊಡೆದ. ಅವಳು ಅವನನ್ನು ಏಳಿಸಲೇ ಇಲ್ಲ. ಅವಳ ಸಲೂನಿಗೆ ಕೂದಲು ಕತ್ತರಿಸಿಕೊಳ್ಳಲು ಬಂದವರೆಲ್ಲ, "ಈ ವಾರಾನಾದ್ರೂ ಹುಡುಗನ್ನ ಆಡಿಸ್ತೀಯೇನಮ್ಮ?" ಎಂದು ಕೇಳುವವರೇ. ಟ್ಯಾಮ್ಸಿನ್ ಕತ್ತರಿ ನಿಲ್ಲಿಸದೆ, "ಪಾಪ, ಇನ್ನೂ ಪಳಗಬೇಕು," ಎನ್ನುತ್ತಿದ್ದಳು. ಊರ ಮೈದಾನದ ಹಳೇ ಬೆಂಚಿನ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಬ್ರೋಡಿಯ ಹೆಸರು ಬರೆದರು. ಮೊದಮೊದಲು ಹಲ್ಲು ಕಚ್ಚಿಕೊಂಡು ಅವನನ್ನು ಕೂರಿಸುತ್ತಿದ್ದವಳು ಬರಬರುತ್ತ ನಗುತ್ತಾ ಕೂರಿಸತೊಡಗಿದಳು. ಚಳಿಗಾಲದ ಒಂದು ಶನಿವಾರ, ಅವನು ಎಷ್ಟು ಗೋಲು ಹೊಡೆದನೆಂದು ನೋಡುವುದನ್ನೇ ಮರೆತಳು.

ಅಷ್ಟಾದರೂ ವಾರವಾರ ಎದುರಾದವರನ್ನೆಲ್ಲ ಅವಳ ತಂಡ ಸೋಲಿಸುತ್ತಲೇ ಬಂದು, ಕೊನೆಯ ಪಂದ್ಯಕ್ಕೆ ಅವಳೂ ಡೆಸ್ ಮಾವನೂ ಎದುರುಬದುರಾದರು. ಸೋತವರು ಗೆದ್ದವರ ಮೆಚ್ಚಿನ ತಂಡದ ಜೆರ್ಸಿ ತೊಟ್ಟು, ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತು ಊರಿಗೆಲ್ಲ ಸಾಸೇಜ್ ಸುಟ್ಟು ಕೊಡಬೇಕು. ಡೆಸ್‌ನ ಮೆಚ್ಚಿನದು ಪಟ್ಟೆ ಜೆರ್ಸಿಯ ತಂಡ. ಲೊರೇನ್‌ಗೆ ನಿದ್ದೆ ಹತ್ತಲಿಲ್ಲ.

"ಇದೊಂದು ಸಲ ಅವನನ್ನ ಆಡಿಸೇ," ಎಂದು ಮಗಳ ಬೆನ್ನು ಬಿದ್ದಳು.

"ಯಾರನ್ನ? ಆ ಕಳ್ಳನನ್ನಾ?"

"ಕಳ್ಳನೇ. ಯಾರು ಇಲ್ಲ ಅಂದ್ರು? ಆದ್ರೆ ಅವನ ಕಾಲೇನು ತಪ್ಪು ಮಾಡಿದೆ? ನಿಮ್ಮಪ್ಪನ ಅಪ್ಪ ಆ ಹಾಳು ಪಟ್ಟೆ ಜೆರ್ಸಿಯವರನ್ನ ಮನೆ ಗೇಟಿನೊಳಗೂ ಬಿಡ್ತಿರ್ಲಿಲ್ಲ. ನೀನು ಅದನ್ನೇ ಮೈಮೇಲೆ ಹಾಕ್ಕೋತೀಯಾ?"

ಟ್ಯಾಮ್ಸಿನ್ ಬೆರಳು ಬ್ರೋಡಿಯ ಹೆಸರಿನ ಮೇಲೆ ತಡೆದು ನಿಂತಿತು. ಗೆಲ್ಲುವ ಆಸೆ ಅವಳಿಗೂ ಇತ್ತು. ಮಂಡಿನೋವಿನವನನ್ನು ನಂಬಿಕೊಂಡರೆ ಸೋಲು ಖಂಡಿತ. ಆದರೂ ಅವನನ್ನು ಬೆಂಚಿನ ಮೇಲೇ ಬಿಟ್ಟು ಫೋನನ್ನು ಮಗುಚಿಟ್ಟಳು. ಆ ಶನಿವಾರ ಬ್ರೋಡಿ ಇಡೀ ಋತುವಿನಲ್ಲೇ ಕಾಣದ ಆಟ ಆಡಿದ. ಡೆಸ್ ಕೂದಲೆಳೆಯಲ್ಲಿ ಗೆದ್ದ. ಲೊರೇನ್ ಟೀವಿಯ ಕಡೆ ಚಪ್ಪಲಿ ಎಸೆದಳು.

ಮುಂದಿನ ಶನಿವಾರ ಟ್ಯಾಮ್ಸಿನ್ ಪಟ್ಟೆ ಜೆರ್ಸಿ ತೊಟ್ಟು ಕಾದ ಹಂಚಿನ ಮುಂದೆ ನಿಂತಿದ್ದಾಗ, ಸಾಲಿನಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಎತ್ತರದ ಆಳೊಬ್ಬ ಎದುರಿಗೆ ಬಂದ. ಅವನು ಬ್ರೋಡಿ. ತಂಡ ಕೊನೆಯ ಸುತ್ತಿನ ಫೈನಲ್ಸ್ ತಲುಪದೇ ಇದ್ದುದರಿಂದ ತನ್ನ ಅಮ್ಮನನ್ನು ನೋಡಲು ಊರಿಗೆ ಬಂದಿದ್ದ.

"ಒಂದು ವಾರಾನಾದ್ರೂ ಆಡಿಸ್ಬಹುದಿತ್ತು ಟ್ಯಾಮ್," ಎಂದ ತಗ್ಗಿದ ದನಿಯಲ್ಲಿ. "ನಮ್ಮ ಡ್ರೆಸ್ಸಿಂಗ್ ರೂಮಿನವರೆಗೂ ಸುದ್ದಿ ಬಂತು. ಈಗ ಎಲ್ಲರೂ ನನ್ನನ್ನ 'ಬೆಂಚು' ಅಂತಲೇ ಕರೀತಾರೆ. ಕೋಚ್ ಕೂಡ."

ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಎಂದಾದರೂ ಎದುರು ಸಿಕ್ಕರೆ ಅನ್ನಬೇಕೆಂದು ಟ್ಯಾಮ್ಸಿನ್ ಕಳೆದ ವರ್ಷವೆಲ್ಲ ಏನೇನೋ ಮಾತು ಜೋಡಿಸಿಕೊಂಡಿದ್ದಳು. ಈಗ ಬಿಸಿಲಿಗೆ ಅವನ ಮೂಗಿನ ಚರ್ಮ ಸುಲಿದದ್ದು ಮಾತ್ರ ಕಣ್ಣಿಗೆ ಬಿತ್ತು. ಬ್ರೆಡ್ಡಿನಲ್ಲಿ ಸಾಸೇಜ್ ಇಟ್ಟು ಅವನ ಕೈಗೆ ಕೊಟ್ಟಳು.

"ಇನ್ನೂ ಸಿಟ್ಟಿದ್ಯಾ?" ಎಂದು ಅವನು ಕೇಳಿದ.

"ಮೊದಲು ಇತ್ತು. ಆಮೇಲೆ ಮಜಾ ಬಂತು. ಕೊನೇ ವಾರದ್ದು ಬರೀ ಹಟ."

ಪಕ್ಕದಲ್ಲಿ ಗೆದ್ದ ಗತ್ತಿನಲ್ಲಿ ನಿಂತಿದ್ದ ಡೆಸ್‌ಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಮುಂದಿನ ವರ್ಷಕ್ಕೆ ಇವನು ಖಾಲೀನಾ ಹುಡುಗೀ?"

"ಖಾಲಿ, ಮಾವ. ನಾನು ಬಿಟ್ಟುಕೊಟ್ಟಾಯ್ತು. ಬೇಕಾದ್ರೆ ತಗೊಳ್ಳಿ."

ಕಟುಕನ ಕಸುಬಿನಲ್ಲೇ ತಲೆ ನರೆತಿದ್ದ ಡೆಸ್, ಸಂತೆಯಲ್ಲಿ ಕುರಿ ನೋಡುವವನಂತೆ ಬಗ್ಗಿ, ಬ್ರೋಡಿಯ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದ. ಟ್ಯಾಮ್ಸಿನ್ ಆಗಲೇ ಸಾಲಿನಲ್ಲಿ ಬ್ರೋಡಿಯ ಹಿಂದೆ ನಿಂತವರನ್ನು ಕೇಳುತ್ತಿದ್ದಳು: "ನಿಮಗೆ? ಈರುಳ್ಳಿ ಹಾಕ್ಲಾ?"